ಬ್ಯಾಟರಿ ಇಂಜಿನ್ನಿನ ಹೊಸ ಕಾಂಟ್ಯಾಕ್ಟರ್

ಸೆನೋಬಿಯೊ ನಮ್ಮ ತವರದ ಗಣಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಎಲೆಕ್ಟ್ರಿಷಿಯನ್. ಅದಿರಿನ ಬಂಡಿ ಎಳೆಯುವ ಬ್ಯಾಟರಿ ಇಂಜಿನ್ನು ಕೆಟ್ಟು ನಿಂತರೆ ಎಲ್ಲರೂ ಅವನನ್ನೇ ಕೂಗುತ್ತಿದ್ದರು. ಒರೂರೊ ಪಟ್ಟಣದಲ್ಲಿ ಎಲೆಕ್ಟ್ರಿಕಲ್ ಓದಿ ಕ್ರಿಸ್ಪೀನಾ ಕೆಲಸಕ್ಕೆ ಬಂದ ಮೇಲೆ ಅದು ಬದಲಾಯಿತು. ಹೆಂಗಸು ಸುರಂಗಕ್ಕಿಳಿದರೆ ತವರ ಓಡಿಹೋಗುತ್ತದೆ ಎಂದು ಗೊಣಗಿದವರೇ ಆರು ತಿಂಗಳಲ್ಲಿ, "ಕ್ರಿಸ್ಪೀನಾ ಎಲ್ಲಿ? ಅವಳನ್ನೇ ಕರೀರಿ" ಎನ್ನತೊಡಗಿದರು. ಸೆನೋಬಿಯೊ ಕೋಕಾ ಎಲೆ ಅಗಿಯುತ್ತ ಕೇಳಿಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಇಂಜಿನ್ನಿನ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ದೊಡ್ಡ ಸ್ವಿಚ್ಚು, ಸುಟ್ಟುಹೋಯಿತು. ಸ್ಟೋರಿನವರು ಕೊಟ್ಟ ಹೊಸದನ್ನು ಕ್ರಿಸ್ಪೀನಾ ಅವಸರದಲ್ಲಿ ಕೂರಿಸುತ್ತಿದ್ದಳು. ಸೆನೋಬಿಯೊ ಟಾರ್ಚು ಹಿಡಿದಿದ್ದ. ಬೆಳಕು ಅದರ ಪಕ್ಕಕ್ಕೆ ಅಂಟಿಸಿದ್ದ ಚೀಟಿಯ ಮೇಲೆ ಬಿತ್ತು: ಎಸಿ ಕರೆಂಟಿಗೆ ಮಾತ್ರ. ಬ್ಯಾಟರಿ ಕೊಡುವುದು ಡಿಸಿ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗಿಳಿಯುತ್ತದೆ, ಆಗ ಸ್ವಿಚ್ಚಿನೊಳಗೆ ಹಾರಿದ ಕಿಡಿ ತಾನೇ ಆರುತ್ತದೆ. ಡಿಸಿ ಇಳಿಯುವುದೇ ಇಲ್ಲ. ಕಿಡಿ ಉರಿದು ಉರಿದು ಸ್ವಿಚ್ಚಿನ ಪಾಯಿಂಟುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ, ಆಮೇಲೆ ಕರೆಂಟು ಕಡಿಯುವುದೇ ಇಲ್ಲ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಸರಿ ಇದ್ಯಾ, ಮೇಸ್ತ್ರಿ?" ಎಂದಳು ಕ್ರಿಸ್ಪೀನಾ.

"ಓದ್ದೋಳು ನೀನು. ನನ್ನೇನು ಕೇಳ್ತೀಯಾ?"

ಟಾರ್ಚನ್ನು ಅತ್ತ ಸರಿಸಿದ. ಒಂದೇ ಒಂದು ಸಲ ಎಲ್ಲರೆದುರು ಅವಳು ಪೇಚಾಡಲಿ, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅವಳೇ ಹತ್ತಿ ಓಡಿಸಿ ನೋಡಿದಳು. ನಾಲ್ಕು ಸಲ ಇಂಜಿನ್ನು ಸರಿಯಾಗಿ ನಿಂತಿತು. ಐದನೆಯ ಸಲ ಹಿಡಿಕೆ ಬಿಟ್ಟರೂ ಓಡುತ್ತಲೇ ಇತ್ತು. ಕಾಂಟ್ಯಾಕ್ಟರಿನ ಪೆಟ್ಟಿಗೆಯೊಳಗೆ ನೀಲಿ ಬೆಂಕಿ. ಎದುರಿಗೆ ಅದೇ ಹಳಿಯ ಮೇಲೆ ಅದಿರು ತುಂಬಿದ ಬಂಡಿಗಳು.

"ಬ್ರೇಕ್ ಹಿಡೀತಿಲ್ಲ! ಮೇಸ್ತ್ರಿ, ಬ್ಯಾಟರಿ ಕೀಳಿ!"

ಸೆನೋಬಿಯೊ ಓಡಿದ. ಹಿಂದಿನಿಂದ ಜೋತುಬಿದ್ದು ಬ್ಯಾಟರಿಯ ದಪ್ಪ ಪ್ಲಗ್ಗನ್ನು ಕಿತ್ತ. ಕಿಡಿ ಹಾರಿ ಅಂಗೈ ಸುಟ್ಟಿತು. ಬಂಡಿಗಳಿಗೆ ಒಂದು ಮಾರು ಇರುವಾಗ ಇಂಜಿನ್ನು ನಿಂತಿತು.

"ಮೇಸ್ತ್ರಿ ಇಲ್ದಿದ್ರೆ ಇವತ್ತು ಹುಡುಗಿ ಹೋಗ್ಬಿಡ್ತಿದ್ಲು ಕಣ್ರೋ!" ಓಡಿಬಂದ ಗಣಿಯವರು ಅವನ ಬೆನ್ನು ತಟ್ಟಿದರು. ಎಷ್ಟೋ ದಿನದಿಂದ ಅವನು ಕಾದಿದ್ದ ಹೊಗಳಿಕೆ. ಅವನಿಗೆ ತಲೆಯೆತ್ತಲಾಗಲಿಲ್ಲ.

ಕ್ರಿಸ್ಪೀನಾ ಸುಟ್ಟ ಕಾಂಟ್ಯಾಕ್ಟರನ್ನು ಬಿಚ್ಚಿ ಚೀಟಿ ಓದಿದಳು.

"ತಪ್ಪು ನಂದೇ. ನೋಡಿ ಹಾಕ್ಬೇಕಿತ್ತು," ಎಂದಳು, ಎಲ್ಲರಿಗೂ ಕೇಳುವಂತೆ.

ಸೆನೋಬಿಯೊಗೆ ಹೊಟ್ಟೆ ಉರಿಯಿತು. ಇದರಲ್ಲೂ ಅವಳೇ ಮುಂದೆ!

"ನಾನು ನೋಡಿದ್ದೆ," ಎಂದ. "ನೀನು ಹತ್ತೋಕೆ ಮುಂಚೇನೇ. ಬಾಯಿ ಬಿಡ್ಲಿಲ್ಲ."

ಬೆನ್ನ ಮೇಲಿದ್ದ ಕೈಗಳು ಒಂದೊಂದಾಗಿ ಇಳಿದವು.

"ಯಾಕೆ?" ಎಂದಳು.

"ಎಲ್ರೂ ನಿನ್ನೇ ಕರೀತಾರಲ್ಲ. ಅದಕ್ಕೆ."

ಗಣಿ ನಡೆಸುವ ಸಂಘದವರು ಅವನನ್ನು ಸುರಂಗದಿಂದ ತೆಗೆದು ಮೇಲಿನ ಬ್ಯಾಟರಿ ಚಾರ್ಜಿಂಗ್ ಶೆಡ್ಡಿಗೆ ಹಾಕಿದರು. ಮೂರು ವಾರ ಕ್ರಿಸ್ಪೀನಾ ಅವನೊಂದಿಗೆ ಮಾತಾಡಲಿಲ್ಲ. ನಾಲ್ಕನೆಯ ವಾರ ಭಾರದ ಬ್ಯಾಟರಿಯೊಂದನ್ನು ಇಳಿಸುವಾಗ, "ಆ ಕಡೆ ಹಿಡೀರಿ" ಎಂದಳು.

ಅವನು ಹಿಡಿದ.