ಆಫೀಸಲ್ಲಿ ಫುಲ್ ಕಡ್ಡಿ, ಗುಂಡಿಯಲ್ಲಿ ಒಂದೂ ಇಲ್ಲ

ಬೆಸಗರಹಳ್ಳಿಯಾಚೆಯ ಕಲ್ಲು ಕ್ವಾರಿಯಲ್ಲಿ ಯಾರಿಗಾದರೂ ಫೋನ್ ಮಾಡಬೇಕೆಂದರೆ ಗುಂಡಿಯಿಂದ ಮೇಲಕ್ಕೆ ಹತ್ತಿ ಬರಬೇಕಿತ್ತು. ಟಿಪ್ಪರ್ ಕೆಟ್ಟು ನಿಂತರೂ ಅಷ್ಟೇ, ಇವತ್ತು ಏನು ಸಾರು ಎಂದು ಹೆಂಡತಿಯನ್ನು ಕೇಳಬೇಕಾದರೂ ಅಷ್ಟೇ. ಈ ತಾಪತ್ರಯ ಸಾಕಾಗಿ ಮ್ಯಾನೇಜರ್ ಚಲುವರಾಜು ಮದ್ದೂರಿನಿಂದ ಒಂದು ವೈಫೈ ಪೆಟ್ಟಿಗೆ ತಂದು, ಮೇಲಿದ್ದ ಆಫೀಸಿನ ಗೋಡೆಗೆ ಹಾಕಿಸಿದ. ಫೋನಿನ ಸಿಗ್ನಲ್ ಕಡ್ಡಿಗಳೆಲ್ಲ ಎದ್ದು ನಿಂತವು. ಚಲುವರಾಜು ಮೀಸೆ ತಿರುವಿದ.

ಅವನ ಅಕ್ಕನ ಮಗಳು ವೀಣ ಮಂಡ್ಯದಲ್ಲಿ ಮೊಬೈಲ್ ಟವರ್ ಕೆಲಸದ ಇಂಜಿನಿಯರ್. ಹಬ್ಬಕ್ಕೆ ಬಂದವಳು ಪೆಟ್ಟಿಗೆ ನೋಡಿದಳು.

“ಮಾವ, ಆಫೀಸ್ನಲ್ಲಿ ಸಿಗ್ನಲ್ ಬಂದ್ರೆ ಏನ್ ಬಂತು? ಕೆಲ್ಸ ನಡೆಯದು ಗುಂಡೀಲಿ. ಕೆಳಕ್ಕಿಳಿದು, ಬಂಡೆ ಮರೇಲಿ ನಿಂತ್ಕಂಡು ಒಂದ್ಸಲ ನೋಡು.”

“ಸುಮ್ಕಿರವ್ವ. ಓದಿರೋರೆಲ್ಲ ಇಂಗೇಯ, ಇಲ್ಲದ್ದೊಂದು ತಕರಾರು ತೆಗಿತೀರಿ.”

ಅವನು ಇಳಿಯಲಿಲ್ಲ. ಅಷ್ಟಕ್ಕೇ ನಿಂತಿದ್ದರೂ ಚೆನ್ನಾಗಿತ್ತು.

ಬಂಡೆ ಸಿಡಿಸಲು ಮದ್ದಿಡುವಾಗ ಅಲ್ಲೊಂದು ಪದ್ಧತಿಯಿತ್ತು. ಅಂಕಯ್ಯ ಕೆಂಪು ಬಾವುಟ ಹಿಡಿದು ಗುಂಡಿಯ ಸುತ್ತ “ಮದ್ದು, ಮದ್ದು” ಎಂದು ಕೂಗುತ್ತ ಬರುತ್ತಿದ್ದ. ಮೇಲೆ ಬಂದವರ ತಲೆ ಎಣಿಸಿ, ಎಲ್ಲರೂ ಬಂದರೆಂದು ಖಾತ್ರಿಯಾದ ಮೇಲೆಯೇ ಮದ್ದು ಹಾರಿಸಬಹುದೆಂದು ಕೈ ಎತ್ತುತ್ತಿದ್ದ. ಚಲುವರಾಜುವಿಗೆ ಇದೆಲ್ಲ ಓಬೀರಾಯನ ಕಾಲದ್ದು ಅನ್ನಿಸಿತು. ವಾಟ್ಸ್ಯಾಪ್ ಗುಂಪು ಮಾಡಿದ.

“ಇನ್ಮೇಲೆ ಮೆಸೇಜ್ ಆಕ್ತೀನಿ ಬುಡ್ಲಾ ಅಂಕ. ನೀನ್ಯಾಕೆ ಗಂಟಲು ಅರ್ಕತೀಯ?” ಎಂದು ಅಂಕಯ್ಯನನ್ನು ಲೋಡಿಂಗ್ ಕೆಲಸಕ್ಕೆ ಹಾಕಿದ.

ಒಂದು ಸಂಜೆ ಮೆಕ್ಯಾನಿಕ್ ಶಫೀವುಲ್ಲಾ ಗುಂಡಿಯ ತಳದಲ್ಲಿ, ದೊಡ್ಡ ಬಂಡೆಯ ಮರೆಯಲ್ಲಿ ಕಂಪ್ರೆಸರ್ ರಿಪೇರಿ ಮಾಡುತ್ತಿದ್ದ. ಅವನೂ ಚಲುವರಾಜುವೂ ಒಂದೇ ತಟ್ಟೆಯಲ್ಲಿ ಉಂಡಂಥ ಸ್ನೇಹಿತರು. ಚಲುವರಾಜು ಆಫೀಸಿನಿಂದಲೇ ಮೆಸೇಜ್ ಹಾಕಿದ, ಸ್ವಲ್ಪ ಹೊತ್ತು ಕಾದ, ಮದ್ದು ಹಾರಿಸಲು ಹೇಳಿದ. ಸಿಡಿದು ಬಂದ ಕಲ್ಲು ಶಫೀವುಲ್ಲಾನ ಬಲಗೈಯನ್ನು ಜಜ್ಜಿಹಾಕಿತು. ನಾಲ್ಕು ಜನ ಅವನನ್ನು ಹೊತ್ತು ಮೇಲಕ್ಕೆ ತಂದಾಗ ಅವನ ಜೇಬಿನ ಫೋನ್ ಟಿಣ್ ಎಂದಿತು. ‘ಎಲ್ಲರೂ ಮೇಲೆ ಬನ್ನಿ’ ಎಂಬ ಮೆಸೇಜ್ ಆಗ ಬಂದು ತಲುಪಿತ್ತು.

ಮಂಡ್ಯದ ಆಸ್ಪತ್ರೆಯಲ್ಲಿ ಕೈ ತೆಗೆದರು. ಕ್ವಾರಿ ನಿಂತಿತು. ಚಲುವರಾಜು ಯಾರ ಫೋನ್ ಟಿಣ್ ಎಂದರೂ ಬೆಚ್ಚಿಬೀಳುತ್ತಿದ್ದ.

ಕೆಲವು ತಿಂಗಳ ಮೇಲೆ ಕ್ವಾರಿ ಮತ್ತೆ ತೆರೆಯುವ ಮಾತು ಬಂತು. ಶಫೀವುಲ್ಲಾನ ಕೆಲಸಕ್ಕೆ ಅವನ ಮಗ ಶಾಕಿರ್ ಹೊರಟ. ತಾಯಿ ಕುಲ್ಸುಮ್ ಬಾಗಿಲಿಗೆ ಅಡ್ಡ ನಿಂತಳು. ಚಲುವರಾಜು ವೀಣಳನ್ನು ಕರೆದುಕೊಂಡು ಅವರ ಮನೆಗೆ ಹೋದ.

“ಒಂದು ಕೈ ಕೊಟ್ಟಾಯ್ತು ಚಲುವಣ್ಣ. ಈಗ ಮಗನ್ನೂ ಕೊಡು ಅಂತೀರಾ? ನಿಮ್ಮ ನೆಟ್‌ವರ್ಕ್ ನೀವೇ ಮಡಿಕ್ಕಳಿ,” ಎಂದಳು ಕುಲ್ಸುಮ್.

“ನಮ್ಮನ್ನ ನಂಬಬ್ಯಾಡಿ ಆಂಟಿ, ನೀವೇ ಬಂದು ನೋಡಿ,” ಎಂದಳು ವೀಣ. “ವೈಫೈ ಮನೆಗೆ, ಆಫೀಸಿಗೆ ಸರಿ. ಬಂಡೆ ಅಡ್ಡ ಬಂದ್ರೆ ಅದು ದಾಟದಿಲ್ಲ. ಊರಿನ ಟವರ್ ಊರಿಗೆ ಅಂತ ನಿಲ್ಸಿರದು, ಗುಂಡಿ ತಳಕ್ಕೆ ಬಂದೇ ಬತ್ತದೆ ಅನ್ನಂಗಿಲ್ಲ. ಅದಕ್ಕೇ ಅಕ್ಕಪಕ್ಕದ ಕ್ವಾರಿಯವರೆಲ್ಲ ಸೇರ್ಕಂಡು, ಪರವಾನಗಿ ಇರೋ ಕಂಪನಿ ಕೈಲಿ ಕ್ವಾರಿಗೇ ಅಂತ ಬೇರೆ 4ಜಿ ಆಕ್ಸವ್ರೆ. ಈ ದಡದಲ್ಲೊಂದು ಕಂಬ, ಆ ದಡದಲ್ಲೊಂದು. ಒಂದ್ಕಡೆ ಮರೆ ಆದ್ರೆ ಇನ್ನೊಂದ್ಕಡೆಯಿಂದ ಬತ್ತದೆ. ಕಂಬಕ್ಕೆ ಚಕ್ರ ಐತೆ, ಗುಂಡಿ ಆಳ ಆದಂಗೆ ಜರುಗಿಸಬೋದು.”

“ಅದೂ ಕೆಟ್ಟೋದ್ರೆ?”

“ಕೆಡ್ತದೆ ಆಂಟಿ, ಕೆಡಲ್ಲ ಅಂತ ಸುಳ್ಳು ಏಳಲ್ಲ. ಅದಕ್ಕೇ ಸೈರನ್ನೂ ಇರ್ತದೆ, ಅಂಕಯ್ಯನೋರ ಬಾವುಟಾನೂ ಇರ್ತದೆ. ತಲೆ ಎಣಿಸ್ದೆ ಮದ್ದು ಆರಿಸಂಗಿಲ್ಲ. ಮದ್ದು ತುಂಬೋ ಜಾಗಕ್ಕೆ ಯಾರೂ ಫೋನ್ ತಕ್ಕೊಂಡೋಗಂಗಿಲ್ಲ.”

ಕುಲ್ಸುಮ್ ಮಾರನೆಯ ದಿನ ಗಂಡನ ಜೊತೆ ಕ್ವಾರಿಗೆ ಬಂದಳು.

ಅವತ್ತು ಚಲುವರಾಜು ತಾನೇ ಗುಂಡಿಗಿಳಿದ. ಶಫೀವುಲ್ಲಾ ಕೂತಿದ್ದ ಜಾಗದಲ್ಲೇ ಹೋಗಿ ಕೂತ. ಕುಲ್ಸುಮ್ ಮೇಲಿನಿಂದ ಫೋನ್ ಮಾಡಿದಳು. ಅವನ ಫೋನ್ ರಿಂಗಾಯಿತು. “ಇನ್ನೂ ಒಳಕ್ಕೋಗಿ ಅಣ್ಣ, ಆ ಮೂಲೆಗೆ,” ಎಂದಳು. ಮೂಲೆಯಲ್ಲಿ ಮಾತು ಕಡಿದುಹೋಯಿತು. ವೀಣ ಕಂಬ ಜರುಗಿಸಿದಳು. ಮತ್ತೆ ಮಾಡಿದಾಗ, “ಕೇಳುಸ್ತದೆ ಕಣಮ್ಮ, ಚೆನ್ನಾಗ್ ಕೇಳುಸ್ತದೆ,” ಎಂದ. ಹೀಗೆ ಕುಲ್ಸುಮ್ ಅವನನ್ನು ಗುಂಡಿಯ ಮೂಲೆ ಮೂಲೆಗೂ ಅಲೆಸಿದಳು. ಸೈರನ್ ಕೂಗಿಸಿ ಅದನ್ನೂ ಕೇಳಿದಳು.

ಚಲುವರಾಜು ಏದುಸಿರು ಬಿಡುತ್ತ ಮೇಲೆ ಬಂದ. ಶಫೀವುಲ್ಲಾ ಎಡಗೈ ಚಾಚಿ ಅವನನ್ನು ದಡಕ್ಕೆ ಎಳೆದುಕೊಂಡ.

“ಮಗನ್ನ ಕಳಿಸ್ತೀನಿ,” ಎಂದಳು ಕುಲ್ಸುಮ್. “ಒಂದು ಮಾತು ಕೇಳ್ತೀನಿ ಅಣ್ಣ. ಇವತ್ತು ಇಳಿದ್ರಲ್ಲ, ಅವತ್ತು ಒಂದ್ಸಲ ಇಳಿಯಕ್ಕೆ ಏನಾಗಿತ್ತು?”

ಚಲುವರಾಜು ತಲೆ ತಗ್ಗಿಸಿದ. 

ಕ್ವಾರಿ ನಡೆಸುವ ಅಣ್ಣಂದಿರೇ, ನೆಟ್‌ವರ್ಕ್ ಆರಿಸುವ ಮೊದಲು ಗುಂಡಿಯ ತಳಕ್ಕಿಳಿದು ನೋಡಿ. ಗುಂಡಿ ಆಳವಾದಾಗಲೆಲ್ಲ ಮತ್ತೆ ಇಳಿಯಿರಿ. ಫೋನ್ ಬಂತೆಂದು ಸೈರನ್, ಬಾವುಟ, ತಲೆ ಎಣಿಕೆ ಬಿಡಬೇಡಿ. ಅಲ್ಲಿ ದುಡಿಯುವ ಅಣ್ಣ ತಮ್ಮಂದಿರೇ, ಕೆಳಗೆ ಸಿಗ್ನಲ್ ಇಲ್ಲವೆಂದರೆ ಬಾಯಿಬಿಟ್ಟು ಹೇಳಿ. ಕ್ವಾರಿ ನಡೆಸುವವರೇ, ನೀವು ಒಂದು ಸಲವೂ ಇಳಿದು ನೋಡದ ಜಾಗಕ್ಕೆ ಇನ್ನೊಬ್ಬರ ಮಗನನ್ನು ಇಳಿಸಬೇಡಿ.