ಹಿಂಬಾಗಿಲ ಕಾಮಿಕ್ಸ್

ನನ್ನ ಗಂಡ ಎಫ್ರೆನ್‌ಗೆ ವರ್ಷಕ್ಕೊಂದು ಹುಚ್ಚು ಹಿಡಿಯಲೇಬೇಕು. ಒಂದು ವರ್ಷ ಕಾದಾಡುವ ಮೀನು ಸಾಕಿದ. ಸ್ನಾನದ ಮನೆಯ ಚೊಂಬುಗಳೆಲ್ಲ ಮೀನಿಗೆ ಮೀಸಲಾಗಿ, ನಾವು ಅನ್ನದ ಪಾತ್ರೆಯಲ್ಲಿ ನೀರು ಹೊಯ್ದುಕೊಂಡೆವು. ಮರುವರ್ಷ ಎಲೆಯಲ್ಲಿ ತೂತಿರುವ ಗಿಡಗಳು ಬಂದವು. ಒಂದೊಂದು ಎಲೆಗೂ ಬೆಲೆಯಂತೆ. ಕೊಳ್ಳುವವರು ಬರುವ ಮೊದಲೇ ಪಕ್ಕದ ಮನೆಯ ಆಡು ಬಂತು. ಈ ಸಲ ಹಿಡಿದದ್ದು ಹಳೇ ಕಾಮಿಕ್ಸ್ ಹುಚ್ಚು.

ಹಳೇ ಅಂದರೆ ನಮ್ಮ ಅಪ್ಪ ಅಮ್ಮ ಓದುತ್ತಿದ್ದ ಕಾಲದವು. ಇಡೀ ದೇಶ ಕೈಯಿಂದ ಕೈಗೆ ದಾಟಿಸಿ ಓದಿ, ಹರಿದು, ಕೊನೆಗೆ ಒಣಮೀನು ಕಟ್ಟಿಕೊಟ್ಟ ಕಾಗದ. ಅದಕ್ಕೇ ಉಳಿದದ್ದು ಕಮ್ಮಿ, ಅದಕ್ಕೇ ಈಗ ಬಂಗಾರದ ಬೆಲೆ, ಎಂದು ಎಫ್ರೆನ್ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಅವನು ಡ್ರೈವಿಂಗ್ ಶಾಲೆಯ ಮೇಷ್ಟ್ರು. ಮನೆಯಲ್ಲೂ ಯಾರು ಯಾವಾಗ ಬ್ರೇಕ್ ಹಾಕಬೇಕೆಂದು ಅವನೇ ಹೇಳಬೇಕು. ಫೇಸ್‌ಬುಕ್ಕಿನಲ್ಲಿ ಸಂಗ್ರಹಕಾರರ ಗುಂಪೊಂದನ್ನು ಸೇರಿದ, ಹಾಲ್‌ನಲ್ಲಿ ಗಾಜಿನ ಬೀರು ನಿಲ್ಲಿಸಿದ. ಕೊಂಡದ್ದನ್ನೆಲ್ಲ ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ, ಕೈಗೆ ಬಿಳಿ ಗವಸು ತೊಟ್ಟು ಒಳಗಿಡುತ್ತಿದ್ದ.

"ಒಂದ್ ಸಲ ಓದಿ ಕೊಡ್ತೀನಿ ಕಣೋ" ಎಂದೆ.

"ಓದೋದಾ? ಬೆರಳಿನ ಎಣ್ಣೆ ತಾಕಿದ್ರೆ ಬೆಲೆ ಬಿದ್ದೋಗುತ್ತೆ. ಇದು ಓದೋಕಲ್ಲ, ಹೂಡಿಕೆ!"

ಅದೇ ಸಮಯಕ್ಕೆ ನನ್ನ ಅಮ್ಮ ಜೋಸೆಫಾಳ ಹಲ್ಲಿನ ಸೆಟ್ ಮುರಿಯಿತು. ಊರಿಗೆಲ್ಲ ಅವಳು ಇನಾಂಗ್ ಸೆಪಾ, ಇನಾಂಗ್ ಅಂದರೆ ಅಮ್ಮ. ಹುರಿದ ಹಂದಿಚರ್ಮದ ಗರಿಗರಿ ಚಿಚರೋನ್ ಕಡಿಯಲು ಹೋಗಿ ಮೇಲಿನದು ಎರಡು ಹೋಳು, ಕೆಳಗಿನದು ಮೊದಲೇ ಸಡಿಲ. ನಮ್ಮೂರು ಬಲಿವಾಗ್‌ನ ಸಂತೆಯಲ್ಲಿ ಮೂವತ್ತು ವರ್ಷ ಅಂಗಡಿ ನಡೆಸಿ, ಸಾಲಗಾರರನ್ನು ಬೀದಿಯ ಆ ತುದಿಯಿಂದಲೇ ಕೂಗಿ ನಿಲ್ಲಿಸುತ್ತಿದ್ದ ಹೆಂಗಸು ಈಗ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡತೊಡಗಿದಳು. ಗಂಜಿ ಬಿಟ್ಟರೆ ಬೇರೆ ಊಟವಿಲ್ಲ. ಭಾನುವಾರದ ಬಿಂಗೋಗೂ ಹೋಗಲಿಲ್ಲ. ಗೆದ್ದರೆ ಬಾಯಿ ತೆರೆದು ಕೂಗಬೇಕಲ್ಲ, ಅದಕ್ಕೆ. ನನಗೆ ಅವಳನ್ನು ನೋಡಲಾಗುತ್ತಿರಲಿಲ್ಲ.

ಎಫ್ರೆನ್ ಮಾತ್ರ ಗಾಜು ಒರೆಸುತ್ತಾ, "ಮುಂದಿನ ತಿಂಗಳು ನೋಡೋಣ ಇನಾಂಗ್. ಈಗ ದುಡ್ಡೆಲ್ಲ ಹೂಡಿಕೇಲಿದೆ" ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದ. "ಹಾಗೇ, ಉಗ್ರಾಣದಲ್ಲಿರೋ ನಿಮ್ಮ ಆ ಹಳೇ ಕಸಾನ ಗುಜರಿಯವನಿಗೆ ಹಾಕಿಬಿಡಿ. ನನ್ನ ಬೈಕ್ ನಿಲ್ಲಿಸ್ಬೇಕು" ಎಂದೂ ಸೇರಿಸಿದ.

ಮನೆ ಅಮ್ಮನದು, ಉಗ್ರಾಣವೂ ಅಮ್ಮನದು. ಅವಳು ಅಳಿಯನನ್ನು ನೋಡಿದಳು, ಬೀರುವನ್ನು ನೋಡಿದಳು, ಕೈ ಅಡ್ಡ ಹಿಡಿದೇ "ಆಗ್ಲಪ್ಪ" ಎಂದಳು. ಅಮ್ಮ ಅಷ್ಟು ಸುಲಭವಾಗಿ ಒಪ್ಪಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಎರಡು ವಾರ ಕಳೆದಿರಬೇಕು. ಪಾರ್ಸಲ್ ತರುವ ರೊಡೆಲ್ ಗೇಟಿನಲ್ಲಿ ನಿಂತು ತಲೆ ಕೆರೆದುಕೊಂಡ.

"ಮೇಡಂ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಇದನ್ನ ಶುಕ್ರವಾರ ನಿಮ್ಮ ಹಿಂಬಾಗಿಲಲ್ಲೇ ತಗೊಂಡು ಹೋದೆ. ಮನಿಲಾ ನೋಡ್ಕೊಂಡು ಬಂತು. ಈಗ ಮುಂಬಾಗಿಲಿಗೆ ತಂದಿದೀನಿ. ಅಡುಗೆಮನೆಯಿಂದ ಹಾಲ್‌ಗೆ ನೀವೇ ಕೊಟ್ಕೋಬಹುದಿತ್ತಲ್ಲ?"

ಪಾರ್ಸಲ್ ಎಫ್ರೆನ್ ಹೆಸರಿಗೆ. ಕಳಿಸಿದವರು: ಹಳೇ ಪೆಟ್ಟಿಗೆ. ಅದು ಎಫ್ರೆನ್ ಎರಡು ವಾರದಿಂದ ಹೊಗಳುತ್ತಿದ್ದ ಆನ್‌ಲೈನ್ ಅಂಗಡಿ. ಅದರ ಒಡೆಯ ಯಾರೋ ಮನಿಲಾದ ದೊಡ್ಡ ವ್ಯಾಪಾರಿ, ಬಹಳ ಕಡಿಮೆ ಮಾತಿನ ಗಂಡಸು ಎಂದು ಅವನ ಲೆಕ್ಕಾಚಾರ.

ಅಡುಗೆಮನೆಗೆ ಹೋದೆ. ಕಡಿಮೆ ಮಾತಿನ ಗಂಡಸು ಹಾಗಲಕಾಯಿ ಹೆಚ್ಚುತ್ತಿದ್ದಳು.

"ಇನಾಂಗ್, ಏನಿದು?"

"ಕಸ ಖಾಲಿ ಮಾಡು ಅಂದ. ಮಾಡ್ತಿದೀನಿ."

ಆಗ ನನಗೆ ನೆನಪಾಯಿತು. ಅಮ್ಮ ಉಪ್ಪು, ವಿನೆಗರ್ ಜೊತೆಗೆ ಕಾಮಿಕ್ಸನ್ನೂ ಬಾಡಿಗೆಗೆ ಕೊಡುತ್ತಿದ್ದಳು. ಅಂಗಡಿಯ ಮುಂದೆ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲಿ ಸಿಕ್ಕಿಸಿ ನೇತುಹಾಕುತ್ತಿದ್ದಳು. ಬೆಂಚಿನ ಮೇಲೆ ಕೂತು ಓದಿದರೆ ಒಂದು ದರ, ಮನೆಗೆ ಒಯ್ದರೆ ಇನ್ನೊಂದು. ಎಫ್ರೆನ್ ನಮ್ಮೂರಿಗೆ ಬರುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಅತ್ತೆ ಏನು ಮಾರುತ್ತಿದ್ದಳೆಂದು ಅವನು ಕೇಳಿದವನೂ ಅಲ್ಲ.

"ಒಳಗಡೆ ನಿನ್ನ ಅಂಗಡಿ ಸೀಲ್ ಇರುತ್ತಲ್ಲೇ! ನೋಡಿಬಿಟ್ರೆ?"

"ಬಿಚ್ಚಿದ್ರೆ ತಾನೆ?" ಅಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ಎಷ್ಟೋ ದಿನದ ಮೇಲೆ ಕೈ ಅಡ್ಡ ಹಿಡಿಯದೆ ನಕ್ಕಿದ್ದಳು. "ಹಲ್ಲಿನ ಡಾಕ್ಟರಮ್ಮ ಅಚ್ಚು ತೆಗ್ದಿದಾರೆ. ಬಾಕಿ ಕಟ್ಟಿದ್ರೆ ಹೊಸ ಹಲ್ಲು ಕೊಡ್ತಾರೆ. ಅಲ್ಲೀವರೆಗೆ ನೀನು ಬಾಯಿ ಮುಚ್ಕೊಂಡಿರು."

ಮುಚ್ಚಿಕೊಂಡಿದ್ದೆ. ಮೋಸ ಅನ್ನುವಿರಾ? ಹಳೇದು ಬೇಕೆಂದ, ಹಳೇದೇ ಸಿಕ್ಕಿತು. ನಮ್ಮ ಮನೆಯ ದುಡ್ಡು ಮುಂಬಾಗಿಲಿಂದ ಹೊರಟು ಹಿಂಬಾಗಿಲಿಂದ ಒಳಗೆ ಬರುತ್ತಿತ್ತು, ನಡುವೆ ಪಾರ್ಸಲ್ ಕಂಪನಿಯ ಹೊಟ್ಟೆಯೂ ಒಂದಿಷ್ಟು ತುಂಬುತ್ತಿತ್ತು. ಅಷ್ಟೇ ಅಲ್ಲ, ನನಗೆ ಖುಷಿಯೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಎಫ್ರೆನ್ ಹಾಲ್‌ನ ಸೋಫಾದಲ್ಲಿ ಕಾಲು ಚಾಚಿ ಫೋನಿನಲ್ಲಿ ಟೈಪ್ ಮಾಡುವನು. ಗೋಡೆಯ ಈಚೆ ಅಮ್ಮ ಕನ್ನಡಕ ಮೂಗಿಗೇರಿಸಿ ಓದುವಳು.

"'ಬಾಸ್, ಸ್ವಲ್ಪ ಕಮ್ಮಿ ಮಾಡಿ, ಮನೇಲಿ ಅತ್ತೆ ಬೇರೆ ಇದಾರೆ, ಖರ್ಚು ಜಾಸ್ತಿ' ಅಂತ ಬರ್ದಿದಾನೆ ನೋಡು ನಿನ್ನ ಗಂಡ."

"ಏನ್ ಬರೀತೀಯ?"

"ಅತ್ತೆ ಇರೋ ಮನೇಲಿ ಅದೃಷ್ಟ ಇರುತ್ತೆ ಬಾಸ್, ನೂರು ಪೆಸೊ ಜಾಸ್ತಿ ಕೊಡಿ ಅಂತ."

ಹಾಲ್‌ನಿಂದ ನಿಟ್ಟುಸಿರು ಕೇಳಿಸಿತು. ಹಿಂದೆಯೇ "ಲೇ, ಈ ಮನುಷ್ಯ ಭಾರೀ ಗಟ್ಟಿಗ ಕಣೇ!" ಎಂಬ ಮೆಚ್ಚುಗೆ.

ಒಂದು ದಿನ ಎಫ್ರೆನ್ ಪಾರ್ಸಲಿನ ಹಣ ಇಟ್ಟುಹೋಗಲು ಮರೆತ. ರೊಡೆಲ್ ಗೇಟಿನಲ್ಲಿ ನಿಂತ. ಅಮ್ಮ ತನ್ನ ಸೊಂಟದ ಚೀಲದಿಂದಲೇ ತೆಗೆದು ಕೊಟ್ಟು, ತಾನು ಮಾರಿದ್ದನ್ನು ತಾನೇ ಕೊಂಡಳು. ಸಂಜೆ ಅಳಿಯನಿಂದ ಅದನ್ನು ಬಡ್ಡಿ ಸಮೇತ ವಸೂಲಿ ಮಾಡಿದಳು. ರೊಡೆಲ್ ಅದನ್ನು ಇಡೀ ಬಲಿವಾಗ್‌ಗೆ ಹೇಳಿಕೊಂಡು ನಗುತ್ತಿದ್ದನೆಂದು ಆಮೇಲೆ ತಿಳಿಯಿತು.

ಹೀಗೆ 'ಮಿಂಚುಹುಳದ ಮದುಮಗಳು' ಎಂಬ ಧಾರಾವಾಹಿಯ ಸಂಚಿಕೆಗಳು ಒಂದೊಂದಾಗಿ ಉಗ್ರಾಣದಿಂದ ಬೀರುವಿಗೆ ಬಂದವು. ಕೊನೆಯ ಸಂಚಿಕೆಯೊಂದು ಉಳಿಯಿತು. ಅದಕ್ಕೆ ಅಮ್ಮ ಡಾಕ್ಟರಮ್ಮನ ಬಾಕಿ ಎಷ್ಟಿತ್ತೋ ಅಷ್ಟೇ ಬೆಲೆ ಹೇಳಿದಳು. ಎಫ್ರೆನ್ ಬೆವರಿದ.

"ಅರ್ಧ ಈಗ, ಅರ್ಧ ಆಮೇಲೆ ಕೊಡ್ತೀನಿ ಅಂತ ಬೇಡ್ಕೊಂಡೆ" ಎಂದು ನನ್ನ ಬಳಿ ಹೇಳಿದ. "ಸರಣಿ ಪೂರ್ತಿ ಆದ್ರೆ ಮುಗೀತು. ಭಾನುವಾರ ಕಾ ದೊರೊ ಬರ್ತಿದಾರೆ. ನಮ್ಮ ಗುಂಪಿಗೆಲ್ಲ ಹಿರೀಕ್ರು. ಅವರೇ ಅಷ್ಟನ್ನೂ ಕೊಂಡ್ಕೊಳ್ತಾರೆ. ಹಾಕಿದ್ದರ ಎರಡರಷ್ಟು ಬರುತ್ತೆ, ನೋಡ್ತಿರು!"

ಅಮ್ಮ ಒಪ್ಪಿದಳು. ಕೊನೆಯ ಸಂಚಿಕೆಯೂ ಮನಿಲಾ ಸುತ್ತಿ ಬಂತು.

ಭಾನುವಾರ ಕಾ ದೊರೊ ಇಬ್ಬರು ಗೆಳೆಯರೊಂದಿಗೆ ಬಂದರು. ಬಿಳಿ ಮೀಸೆಯ, ಇಸ್ತ್ರಿ ಮಾಡಿದ ಅಂಗಿಯ ಮುದುಕರು. ನಾನು ನೂಡಲ್ಸ್, ಅಕ್ಕಿ ಕಡುಬು ಬಡಿಸಿದೆ. ಅಮ್ಮ ಹೊರಗೆ ಬರಲಿಲ್ಲ, ಬಂದವರೆದುರು ಬಾಯಿ ತೋರಿಸಲು ನಾಚಿಕೆ. ಡಾಕ್ಟರಮ್ಮನ ಕಡೆಯಿಂದ ಕರೆ ಬರುವುದಿತ್ತೆಂದು ಫೋನಿನ ಸದ್ದು ಪೂರ್ತಿ ಏರಿಸಿ ಅಡುಗೆಮನೆಯಲ್ಲಿ ಕೂತಿದ್ದಳು.

ಕಾ ದೊರೊ ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು, ಮೊದಲ ಸಂಚಿಕೆಯ ಕವರನ್ನು ಬಿಚ್ಚಿದರು.

"ಅಯ್ಯೋ, ಬಿಚ್ಚೋದಾ?" ಎಂದ ಎಫ್ರೆನ್.

"ಬಿಚ್ಚದೆ ಏನನ್ನ ಕೊಂಡ್ಕೊಳ್ಲಿ ಮಾರಾಯ? ಒಳಗೆ ಹಾಳೆ ಇದ್ಯೋ ಇಲ್ವೋ ಗೊತ್ತಾಗೋದ್ಬೇಡ್ವಾ?"

ಮೊದಲ ಹಾಳೆ ತಿರುವಿದರು. ನೇರಳೆ ಶಾಯಿಯ ದೊಡ್ಡ ಸೀಲು. ಅವರು ಗಟ್ಟಿಯಾಗಿ ಓದಿದರು: "ಇದು ಜೋಸೆಫಾ ಬಾಲ್ತಜಾರ್ ಅಂಗಡಿಯ ಸ್ವತ್ತು, ಬಲಿವಾಗ್. ಬಾಡಿಗೆಗೆ ಒಯ್ದು ವಾಪಸ್ ಕೊಡದವರ ಹಲ್ಲು ಉದುರಲಿ."

ಎರಡನೆಯದನ್ನು ಬಿಚ್ಚಿದರು, ಮೂರನೆಯದನ್ನು ಬಿಚ್ಚಿದರು. ಎಲ್ಲದರಲ್ಲೂ ಜೋಸೆಫಾ, ಎಲ್ಲದರಲ್ಲೂ ಹಲ್ಲು. ನಾನು ನಗು ತಡೆಯಲು ಅಡುಗೆಬಟ್ಟೆಯನ್ನೇ ಬಾಯಿಗೆ ತುರುಕಿಕೊಂಡೆ.

"ಸೀಲು ಹೊಡೆದದ್ದಕ್ಕೆ ಬೆಲೆ ಅರ್ಧವೇ" ಎಂದರು ಕಾ ದೊರೊ. "ಯಾರಪ್ಪ ಈ ಜೋಸೆಫಾ?"

ಎಫ್ರೆನ್‌ನ ಮುಖ ಕೆಂಪಾಯಿತು. ಈಗ ಗೊತ್ತಾಯಿತು, ಈಗ ಮನೆ ಎರಡಾಗುತ್ತದೆ ಎಂದುಕೊಂಡೆ. ಆದರೆ ನನ್ನ ಗಂಡನ ತಲೆ ನೇರ ರಸ್ತೆಯಲ್ಲಿ ಓಡುವುದಿಲ್ಲ.

"ನಮ್ಮ ಅತ್ತೆ!" ಎಂದು ಎದ್ದು ನಿಂತ. "ಕಳ್ತನ ಇದು! ಗುಜರಿಯವನು ಉಗ್ರಾಣದಿಂದ ಎತ್ಕೊಂಡು ಹೋಗಿ ಆ ಹಳೇ ಪೆಟ್ಟಿಗೆ ಖದೀಮನಿಗೆ ಮಾರಿದಾನೆ. ಇದೆಲ್ಲ ನಮ್ಮ ಅತ್ತೇದು, ಒಂದೊಂದು ಹಾಳೇನೂ ಅವರದು! ಇವತ್ತು ಅವನನ್ನ ಬಿಡಲ್ಲ!"

ಎಲ್ಲರೆದುರಿಗೆ ಫೋನು ತೆಗೆದು 'ಕಳ್ಳ!' ಎಂದು ಬರೆದು ಕಳಿಸಿದ. ಅಡುಗೆಮನೆಯಲ್ಲಿ ಹುಂಜ ಕೂಗಿತು.

ನಮ್ಮ ಬೀದಿಯಲ್ಲಿ ಮನೆಗೆ ನಾಲ್ಕು ಕಾಳಗದ ಹುಂಜಗಳಿವೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 'ಮುದುಕಿಯ ಸ್ವತ್ತು ಕದಿಯೋಕೆ ನಾಚಿಕೆ ಆಗಲ್ವಾ?' ಎಂದು ಮತ್ತೆ ಬರೆದ. ಹುಂಜ ಮತ್ತೆ ಕೂಗಿತು. ಎಫ್ರೆನ್ ಕಿವಿ ನೆಟ್ಟಗೆ ಮಾಡಿದ. ಈ ಸಲ ಬರೆಯಲಿಲ್ಲ, ಕರೆ ಮಾಡಿದ. ಹುಂಜ ನಿಲ್ಲಿಸದೆ ಕೂಗತೊಡಗಿತು.

ಅವನು ನಿಧಾನವಾಗಿ ಅಡುಗೆಮನೆಯ ಬಾಗಿಲಿಗೆ ಹೋದ. ಹಿಂದೆಯೇ ನಾನೂ ಹೋದೆ. ಅಮ್ಮ ಸ್ಟೂಲಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕೂಗುತ್ತಿದ್ದ ಫೋನಿನ ಪರದೆಯಲ್ಲಿ ಎಫ್ರೆನ್‌ನ ನಗುಮುಖ, ಬಾಗಿಲಲ್ಲಿ ಎಫ್ರೆನ್‌ನ ನಗದ ಮುಖ. ಅಮ್ಮ ಹೆದರಿದ್ದಳು. ಹಲ್ಲು ಕೈಗೆ ಬರುವ ಮೊದಲೇ ಸಿಕ್ಕಿಬಿದ್ದೆನಲ್ಲ ಎಂಬ ಸಂಕಟ ಅವಳ ಕಣ್ಣಲ್ಲಿ ಕಂಡು ನನ್ನ ನಗು ಅಲ್ಲೇ ಇಂಗಿಹೋಯಿತು.

"ಏನಪ್ಪಾ ಎಫ್ರೆನ್, ಸಿಕ್ಕಿದ್ನಾ ಕಳ್ಳ?" ಹಾಲ್‌ನಿಂದ ಕಾ ದೊರೊ ಕೇಳಿದರು.

ಎಫ್ರೆನ್ ಹೌದು ಅನ್ನಬಹುದಿತ್ತು. ಅಂದರೆ ತನ್ನ ಮನೆಯ ಕಾಮಿಕ್ಸನ್ನೇ ತಾನು ತಿಂಗಳುಗಟ್ಟಲೆ ಕೊಂಡೆನೆಂದು ಇಡೀ ಗುಂಪಿನೆದುರು ಒಪ್ಪಿಕೊಳ್ಳಬೇಕು. ಅವನು ಹಾಲ್ ಕಡೆ ತಿರುಗಿದ.

"ಇಲ್ಲ ಕಾ ದೊರೊ. ಫೋನ್ ಎತ್ತುತ್ತಿಲ್ಲ, ಬಡ್ಡೀಮಗ."

ಅಮ್ಮ ಎದ್ದಳು. ಹೆದರಿಕೆ ಎಲ್ಲಿ ಹೋಯಿತೋ! ಫೋನನ್ನು ಸೊಂಟಕ್ಕೆ ಸಿಕ್ಕಿಸಿ, ಕೂದಲು ಸರಿ ಮಾಡಿಕೊಂಡು, ಅಳಿಯನನ್ನು ದಾಟಿ ಹಾಲ್‌ಗೆ ಬಂದಳು. ಮೂವರೂ ಎದ್ದು, ನಮ್ಮಲ್ಲಿ ಹಿರಿಯರಿಗೆ ನಮಸ್ಕರಿಸುವಂತೆ, ಅವಳ ಕೈಯನ್ನು ಹಣೆಗೊತ್ತಿಕೊಂಡರು.

"ಕಳ್ಕೊಂಡಿದ್ದು ಸಿಕ್ತಲ್ಲ ಇನಾಂಗ್" ಎಂದರು ಕಾ ದೊರೊ. "ಅರ್ಧ ಬೆಲೆಯಾದ್ರೂ ಸಣ್ಣ ಮೊತ್ತ ಅಲ್ಲ. ನನಗೆ ಕೊಡ್ತೀರಾ?"

ಅಮ್ಮ ಎಫ್ರೆನ್ ಕಡೆ ತಿರುಗಿದಳು. "ಮನೆಗೆ ಗಂಡಸು ನೀನು. ಏನ್ ಮಾಡ್ಲಿ ಹೇಳಪ್ಪ?"

"ನಿಮ್ದು. ನಿಮ್ಮಿಷ್ಟ ಇನಾಂಗ್" ಎಂದ ಎಫ್ರೆನ್.

ಹೀಗೆ ಅಮ್ಮ ಒಂದೇ ಸರಕನ್ನು ಎರಡನೇ ಸಲ ಮಾರಿ, ನೋಟುಗಳನ್ನು ಸೊಂಟದ ಚೀಲಕ್ಕೆ ಸೇರಿಸಿದಳು. ಬಂದವರು ಕಾಮಿಕ್ಸ್ ಹೊತ್ತುಕೊಂಡು ಹೋದರು.

ಬಾಗಿಲು ಮುಚ್ಚಿತು. ಜಗಳಕ್ಕೆ ನಾನು ಸಿದ್ಧಳಾಗಿಯೇ ನಿಂತಿದ್ದೆ, ನನ್ನ ಬಾಯಿಯಲ್ಲೂ ಎರಡು ತಿಂಗಳಿನ ಮಾತು ಕೂಡಿತ್ತು. ಎಫ್ರೆನ್ ಖಾಲಿ ಬೀರುವಿನ ಮುಂದೆ ಕೂತ. ತಲೆ ಎತ್ತದೆ ಕೇಳಿದ.

"ಇನಾಂಗ್, ಆ ಮದುಮಗಳು ಕೊನೇಲಿ ಏನಾಗ್ತಾಳೆ?"

ಅಮ್ಮ ಅವನ ಪಕ್ಕದಲ್ಲೇ ಕೂತಳು. ಮಿಂಚುಹುಳಗಳು ಹುಡುಗಿಯನ್ನು ಮ್ಯಾಂಗ್ರೋವ್ ಕಾಡಿಗೆ ಕರೆದೊಯ್ದದ್ದು, ಮುತ್ತಿನ ವ್ಯಾಪಾರಿ ಅವಳನ್ನು ಜಾಡಿಯಲ್ಲಿ ಮುಚ್ಚಿಟ್ಟದ್ದು, ಒಂದೊಂದನ್ನೂ ಕೈಬೀಸಿ ಹೇಳಿದಳು. ಎಫ್ರೆನ್ ಬಾಯಿ ಬಿಟ್ಟು ಕೇಳಿದ. ಅಷ್ಟು ದುಡ್ಡು ಸುರಿದವನಿಗೆ ಅದೊಂದೂ ಗೊತ್ತಿರಲಿಲ್ಲವಲ್ಲ ಎಂದು ನನಗೆ ಪಾಪ ಅನ್ನಿಸಿತು, ನಿಜ ಹೇಳಬೇಕೆಂದರೆ ಪ್ರೀತಿಯೂ ಉಕ್ಕಿತು. ವ್ಯಾಪಾರಿ ಜಾಡಿಯ ಮುಚ್ಚಳಕ್ಕೆ ಕೈ ಹಾಕುವಲ್ಲಿಗೆ ಬಂದು ಅಮ್ಮ ನಿಲ್ಲಿಸಿದಳು.

"ಆಮೇಲೆ?"

"ಆಮೇಲೆ ಅವನು ನಗ್ತಾನೆ. ಭಯಂಕರ ನಗು. ಅದು ಹಲ್ಲಿಲ್ದೆ ಬರಲ್ಲ ಕಣಪ್ಪ."

ಮರುದಿನ ಬೆಳಕು ಹರಿಯುತ್ತಲೇ ಗೇಟಿನಲ್ಲಿ ಹಾರ್ನ್ ಕೇಳಿಸಿತು. ಎಫ್ರೆನ್ ಡ್ರೈವಿಂಗ್ ಶಾಲೆಯ ಕಾರನ್ನೇ ತಂದು ನಿಲ್ಲಿಸಿದ್ದ.

"ಇನಾಂಗ್, ಬೇಗ ಬನ್ನಿ" ಎಂದು ಕೂಗಿದ. "ಡಾಕ್ಟರಮ್ಮ ಎಂಟಕ್ಕೇ ಬಾಗಿಲು ತೆಗೀತಾರಂತೆ."