ಕನ್ನಡಿಯಲ್ಲಿ ಕಂಡ ಕೈ

ಕ್ಷೌರದಂಗಡಿಯವನಿಗೆ ಬೀದಿಗೆ ಬೆನ್ನು ಹಾಕಿ ನಿಂತೇ ಬೀದಿಯೆಲ್ಲ ಕಾಣುತ್ತದೆ, ಎದುರಿಗೆ ಗೋಡೆಯುದ್ದ ಕನ್ನಡಿ ಇರುತ್ತದಲ್ಲ. ಯಾರು ಯಾರ ಜೊತೆ ಹೋದರು, ಯಾರನ್ನು ಕಂಡು ಯಾರು ಮುಖ ತಿರುಗಿಸಿದರು, ಒಂದೂ ನನ್ನ ಕಣ್ಣು ತಪ್ಪಿಸಿ ಹೋಗುವುದಿಲ್ಲ. ಆ ಜಂಬವೇ ಮನೆ ಹಾಳುಮಾಡಿತು.

ನನ್ನ ಅಕ್ಕನ ಗಂಡ, ಭಾವ, ಎದುರುಗಡೆಯ ಗ್ಯಾರೇಜಿನ ಮೆಕ್ಯಾನಿಕ್. ಇಂಜಿನ್ ಸದ್ದು ಕೇಳಿಯೇ ಎಲ್ಲಿ ಕೆಟ್ಟಿದೆಯೆಂದು ಹೇಳುವವರು. ರಸ್ತೆಗೆ ಅಡ್ಡ ಗಾಡಿ ನಿಲ್ಲಿಸಿದ್ದಕ್ಕೆ ಒಬ್ಬ ಪೊಲೀಸನಿಗೂ ಅವರಿಗೂ ಮಾತಿಗೆ ಮಾತು ಬೆಳೆಯಿತು. ಪೊಲೀಸ್ ಕೆನ್ನೆಗೆ ಬಾರಿಸಿದ. ಅಂದಿನಿಂದ ಭಾವನಿಗೆ ಎಡಗಿವಿ ಕೇಳುವುದೇ ಇಲ್ಲ. ಇಲಾಖೆಯ ಮೇಲೆ ಸಿವಿಲ್ ದಾವೆ ಹಾಕಿದರು. "ಹೊಡೆದಿದ್ದು ಹೌದು ಅಂತ ಕೋರ್ಟು ಒಂದು ಮಾತು ಹೇಳ್ಲಿ, ನಂಗಷ್ಟೇ ಸಾಕು" ಎನ್ನುತ್ತಿದ್ದರು. ಕಂಡವನು ನಾನೊಬ್ಬನೇ.

ಕಟಕಟೆ ಹತ್ತಿದೆ. ಯಾವ ಕೈಯಲ್ಲಿ ಹೊಡೆದದ್ದು ಎಂದು ಆ ಕಡೆಯ ವಕೀಲರು ಕೇಳಿದರು. ಎಡಗೈ ಎಂದೆ, ಎದೆಯುಬ್ಬಿಸಿ. ಈ ಪೊಲೀಸಿನವರು ಬಲಗೈಯವರಲ್ಲವೇ, ಎದುರು ನಿಂತು ಎಡಗೈ ಬೀಸಿದರೆ ಏಟು ಬಲಗಿವಿಗಲ್ಲವೇ ಬೀಳುವುದು ಎಂದರು ವಕೀಲರು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ವಕೀಲಮ್ಮನಿಗೆ ಏನೋ ಹೊಳೆದಿರಬೇಕು, ಎದ್ದು ಮೆತ್ತಗೆ ಕೇಳಿದರು.

"ನೀವು ನೋಡಿದ್ದು ಕನ್ನಡೀಲಾ?"

ಹೌದು ಎಂದಿದ್ದರೆ ಮುಗಿದಿತ್ತು. ಕನ್ನಡಿಯಲ್ಲಿ ಬಲ ಎಡವಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇಪ್ಪತ್ತೆರಡು ವರ್ಷ ಅದರ ಮುಂದೆಯೇ ಕತ್ತರಿ ಆಡಿಸಿದ್ದೇನೆ. ಆದರೆ ಆಗ ತಲೆಗೆ ಬಂದದ್ದು ಒಂದೇ, ಕನ್ನಡಿ ಎಂದರೆ ಇವರೆಲ್ಲ ಇನ್ನಷ್ಟು ನಗುತ್ತಾರೆ.

"ಇಲ್ಲಮ್ಮ, ತಿರುಗಿ ನಿಂತು ಕಣ್ಣಾರೆ ನೋಡ್ದೆ" ಎಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ದಾವೆ ವಜಾ ಆಯಿತು. ಸಾಕ್ಷಿಯ ಮಾತು ನಂಬುವಂತಿಲ್ಲ, ಹೊಡೆದದ್ದು ಸಾಬೀತಾಗಿಲ್ಲ ಎಂದು ತೀರ್ಪು.

ಕೋರ್ಟಿನ ಮೆಟ್ಟಿಲಿಳಿಯುವಾಗ ಭಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೇರೆ ಯಾರೂ ಬರದಿದ್ದಾಗ ನೀನಾದರೂ ಬಂದು ನಿಂತೆಯಲ್ಲ, ಅದೇ ದೊಡ್ಡದು ಎಂದರು. ಅವರ ಮುಖ ನೋಡಲಾಗದೆ ತಲೆ ತಗ್ಗಿಸಿಕೊಂಡೇ ಹೇಳಿದೆ.

"ಭಾವ, ನಾನು ನೋಡಿದ್ದು ಕನ್ನಡೀಲೇ. ಅಲ್ಲಿ ಸುಳ್ಳು ಹೇಳ್ಬಿಟ್ಟೆ."

ಅವರು ನಡೆಯುತ್ತಲೇ ಇದ್ದರು. ನಾನು ಅವರ ಎಡಗಡೆ ಇದ್ದೆ.

ಎರಡು ಹೆಜ್ಜೆ ಹೋದ ಮೇಲೆ ನಾನೇನೋ ಹೇಳಿದ್ದು ಅಂದಾಜಾಯಿತೇನೋ, ನಿಂತು, ಬಲಗಿವಿ ನನ್ನತ್ತ ತಿರುಗಿಸಿದರು.

"ಏನಂದ್ಯೋ?"

"ಏನಿಲ್ಲ ಭಾವ. ಮನೇಗೆ ಹೋಗೋಣ ಅಂದೆ."